ಔಷಧದಾನವೂ ಎಳೆಯರ ಪಾಲೂ: ಹೊನ್ನಾವರ ಸೀಮೆಯ ಒಂದು ಇತಿಹಾಸಾವಲೋಕನ

ಶ್ರಾವಕನ ಧರ್ಮಾಚರಣೆಯಲ್ಲಿ ದಾನಕ್ಕೆ ವಿಶಿಷ್ಟವಾದ ಸ್ಥಾನವಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸುವ ಕ್ರಮ ನಮಗೆಲ್ಲ ಚಿರಪರಿಚಿತ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ದೃಷ್ಟಾಂತವನ್ನು ಹೆಸರಿಸಿದ್ದಾರೆ. ಆಹಾರದಾನಕ್ಕೆ ಶ್ರೀಷೇಣನೆಂಬ ಅರಸು ದೃಷ್ಟಾಂತನಾದರೆ, ಔಷಧದಾನಕ್ಕೆ ವೃಷಭಸೇನೆಯೆಂಬ ವಣಿಕಪುತ್ರಿ, ಶಾಸ್ತ್ರೋಪಕರಣ ದಾನಕ್ಕೆ ಹಿಂದಿನ ಭವದಲ್ಲಿ ಗೋವಳನಾಗಿದ್ದ ಕೌಂಡೇಶ, ಆವಾಸದಾನಕ್ಕೆ ಒಂದು ಹಂದಿ. ಈ ನಾಲ್ವರ ಪಟ್ಟಿಯನ್ನು ನಾವು ಪಾರಾಯಣದ ಭರದಲ್ಲಿ ಓದಿ ಮುಂದೆ ಸಾಗುತ್ತೇವೆ. ನಿಂತು ಯೋಚಿಸಿದರೆ ಮಾತ್ರ ಆಚಾರ್ಯರ ಆಶಯ ಹೊಳೆಯುತ್ತದೆ. ನಾಲ್ವರಲ್ಲಿ ಅರಸನು ಒಬ್ಬನೇ. ಉಳಿದವರಲ್ಲಿ ಒಬ್ಬಳು ಹೆಣ್ಣುಮಗಳು, ಒಬ್ಬನು ದನ ಕಾಯುವವನು, ಮತ್ತೊಂದು ಮೂಕಪ್ರಾಣಿ. ದಾನವೆಂಬುದು ಸಿರಿವಂತರ ಸ್ವತ್ತಲ್ಲ. ಕೊಡುವ ಯೋಗ್ಯತೆ ಎಲ್ಲ ಜೀವಕ್ಕೂ ಉಂಟು ಎಂಬುದೇ ಇದರ ತಾತ್ಪರ್ಯ.

ಈ ತಾತ್ಪರ್ಯವನ್ನು ಇಂದಿನ ಒಂದು ಪ್ರಶ್ನೆಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ನಮ್ಮ ಸಮಾಜದ ದಾನಿಗಳು ಊರುಗಳಲ್ಲಿ ಚಿಕಿತ್ಸಾಲಯಗಳನ್ನು ಕಟ್ಟಿಸುತ್ತಿದ್ದಾರೆ. ಸರಕಾರವೂ ಆರೋಗ್ಯ ಕೇಂದ್ರಗಳನ್ನು ತೆರೆಯುತ್ತಿದೆ. ಇಂತಹ ಕೇಂದ್ರವನ್ನು ರೂಪಿಸುವ ಕಾರ್ಯದಲ್ಲಿ ಆ ಊರಿನ ಶಾಲೆಯ ಮಕ್ಕಳಿಗೆ ಪಾಲು ಇರಬೇಕೆ? ಇದ್ದರೆ ಅದು ಎಂತಹ ಪಾಲು? ಉತ್ತರವನ್ನು ಹುಡುಕಲು ಬಹುದೂರ ಹೋಗಬೇಕಿಲ್ಲ. ಜೈನರ ಇತಿಹಾಸದಲ್ಲಿ ಬಹುಮುಖ್ಯವಾದ ಹೊನ್ನಾವರದ ಸೀಮೆಯೇ ಅದಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಹೊನ್ನಾವರದ ಬಳಿ ಶರಾವತಿಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡು. ಅಲ್ಲಿಗೆ ಸಮೀಪದಲ್ಲಿಯೇ ಅಪ್ಸರಕೊಂಡ. ಗುಡ್ಡದಿಂದ ಇಳಿಯುವ ಸಣ್ಣ ಜಲಪಾತ, ಕೆಳಗೆ ಕೊಳ, ಮೇಲಿನಿಂದ ಕಾಣುವ ಕಡಲು, ಉಗ್ರನರಸಿಂಹ ದೇವಾಲಯ ಇವುಗಳಿಂದ ಈ ಸ್ಥಳ ಪ್ರಸಿದ್ಧವಾಗಿದೆ. ಅಪ್ಸರೆಯರು ಇಲ್ಲಿ ಮೀಯುತ್ತಿದ್ದರೆಂಬ ಐತಿಹ್ಯದಿಂದ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಇದೇ ಶರಾವತಿಯಲ್ಲಿ ಮೇಲ್ಮುಖವಾಗಿ ಸಾಗಿದರೆ ಚತುರ್ಮುಖ ಬಸದಿಯ ಗೇರುಸೊಪ್ಪೆ, ಅಂದರೆ ಹಿಂದಿನ ನಗಿರೆ. ಭಟ್ಕಳದ ಒಳನಾಡಿನಲ್ಲಿ ಸಂಗೀತಪುರವೆಂದು ಖ್ಯಾತವಾಗಿದ್ದ ಹಾಡುವಳ್ಳಿ. ಪೋರ್ತುಗೀಜರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ್ದು ಈ ನಾಡನ್ನೇ.

ನಗಿರೆಯ ಅರಸರು ಕಟ್ಟಿಸಿದ ಬಸದಿಗಳನ್ನು ನಾವು ಸ್ಮರಿಸುತ್ತೇವೆ. ಅಲ್ಲಿ ಹುಟ್ಟಿದ ಒಂದು ವೈದ್ಯಗ್ರಂಥವನ್ನು ಮಾತ್ರ ಮರೆತಿದ್ದೇವೆ. ನಗಿರೆಯ ಸಾಳ್ವಮಲ್ಲನ ಆಶ್ರಯದಲ್ಲಿ, 16ನೆಯ ಶತಮಾನದ ನಡುಭಾಗದಲ್ಲಿದ್ದ ಸಾಳ್ವ ಕವಿಯು ಸಾಳ್ವಭಾರತ, ರಸರತ್ನಾಕರಗಳ ಜೊತೆಗೆ ವೈದ್ಯಸಾಂಗತ್ಯವೆಂಬ ಕೃತಿಯನ್ನೂ ರಚಿಸಿದನು. ಇದು ಏಕಾಕಿಯಾಗಿ ಹುಟ್ಟಿದ ಕೃತಿಯಲ್ಲ. ಅದರ ಹಿಂದೆ ದೀರ್ಘವಾದ ಪರಂಪರೆಯಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದು, ಚಿಕಿತ್ಸೆಗೆ ಮಾಂಸ ಬೇಕಿಲ್ಲವೆಂದು ನೃಪತುಂಗನ ಸಭೆಯಲ್ಲಿ ವಾದಿಸಿದನು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದಲ್ಲಿ ಕೀರ್ತಿವರ್ಮನು ಗೋವುಗಳ ಚಿಕಿತ್ಸೆಗೆಂದು ಗೋವೈದ್ಯವನ್ನು ಬರೆದನು. 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಯ ಗ್ರಂಥ. ಸಂಸ್ಕೃತದಿಂದ ಕನ್ನಡಕ್ಕೆ ಇಳಿದ ಈ ವಿದ್ಯೆಯನ್ನು ನಗಿರೆಯ ಸಾಳ್ವ ಸಾಂಗತ್ಯಕ್ಕೆ ಇಳಿಸಿದನು.

ಸಾಂಗತ್ಯವೆಂದರೆ ಹಾಡಲು ಬರುವ ಮಟ್ಟು. ಅದೇ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಯು ಭರತೇಶ ವೈಭವವನ್ನು ರಚಿಸಿದ್ದೂ ಈ ಮಟ್ಟಿನಲ್ಲಿಯೇ. ಓಲೆಯನ್ನು ಓದಲಾರದವನೂ ಕಿವಿಯಿಂದ ಕೇಳಿ ಬಾಯಿಯಲ್ಲಿ ಉಳಿಸಿಕೊಳ್ಳಬಲ್ಲ ರೂಪ ಅದು. ರೋಗದ ಲಕ್ಷಣ, ಪಥ್ಯ, ಮದ್ದು ಇವು ಪಂಡಿತನ ಕಟ್ಟಿನಲ್ಲಿ ಅಡಗಿರದೆ ಜನರ ನಾಲಗೆಯ ಮೇಲೆ ನಿಲ್ಲುವುದಕ್ಕೆ ಈ ಮಟ್ಟು ದಾರಿ ಮಾಡಿತು. ಇಲ್ಲಿ ಔಷಧದಾನ ಮತ್ತು ಶಾಸ್ತ್ರದಾನ ಎರಡೂ ಒಂದಾಗಿವೆ. ಮದ್ದನ್ನು ಕೊಟ್ಟರೆ ಅಂದಿನ ರೋಗ ಶಮನವಾದೀತು; ಅರಿವನ್ನು ಕೊಟ್ಟರೆ ಪಡೆದವನು ತಾನೇ ಕೊಡುವವನಾಗುತ್ತಾನೆ.

ಅರಿವು ಹೀಗೆ ಒಬ್ಬರಿಂದ ಒಬ್ಬರಿಗೆ ಹರಿಯುವುದರಲ್ಲಿ ಮಕ್ಕಳ ಪಾತ್ರವೇನೆಂಬುದಕ್ಕೂ ಇದೇ ಸೀಮೆಯಲ್ಲಿ ಒಂದು ಅಪೂರ್ವ ದಾಖಲೆಯಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ತುಗೀಜ್ ರಾಯಭಾರಿಯ ಪರಿವಾರದೊಂದಿಗೆ ಹೊನ್ನಾವರದಿಂದ ಹೊರಟು, ಹಾಳುಬಿದ್ದಿದ್ದ ಗೇರುಸೊಪ್ಪೆಯನ್ನು ಕಂಡು, ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ಘಟ್ಟದ ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಗುರುವು ಅಲ್ಲಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದಾಗ, ನಾಲ್ವರೂ ಒಂದೇ ಭಾಗವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದುತ್ತಾರೆ ಎಂಬ ಅರ್ಥದ ಉತ್ತರವನ್ನು ಆ ಬಾಲಕರು ಕೊಟ್ಟರಂತೆ. ಆತನಿಗೆ ಈ ಕ್ರಮ ಸುಲಭವೂ ಭದ್ರವೂ ಆಗಿ ಕಂಡಿತು. ಜೀವಗಳು ಒಂದಕ್ಕೊಂದು ಉಪಕಾರಿಗಳು ಎಂದು ಉಮಾಸ್ವಾತಿ ಆಚಾರ್ಯರು ಹೇಳಿದ ತತ್ತ್ವವನ್ನು ಮರಳಿನ ಮೇಲೆ ಬರೆದು ತೋರಿಸಿದಂತಿದೆ ಈ ಪ್ರಸಂಗ.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಕೆನರಾ ಜಿಲ್ಲೆಯ ಕಾಡು ಮತ್ತು ಘಟ್ಟದ ಹಳ್ಳಿಗಳನ್ನು ಮಲೇರಿಯ ಜ್ವರವು ಬಹುಕಾಲ ಪೀಡಿಸಿತು. 1946ರಲ್ಲಿ ಆಗಿನ ಮುಂಬಯಿ ಪ್ರಾಂತದ ಆಡಳಿತವು ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಗೊಂಡಿತು. 1953ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಇಂತಹ ಪ್ರಯೋಗಗಳೇ ತಳಹದಿ. ಫಲವು ಅದ್ಭುತವಾಗಿತ್ತು. ಸ್ವಾತಂತ್ರ್ಯದ ವೇಳೆಗೆ ವರ್ಷಕ್ಕೆ ಸುಮಾರು ಏಳೂವರೆ ಕೋಟಿಯೆಂದು ಅಂದಾಜಿಸಲಾಗಿದ್ದ ರೋಗಿಗಳ ಸಂಖ್ಯೆ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. ಸೊಳ್ಳೆಗಳು ಮದ್ದಿಗೆ ಬಗ್ಗದಂತಾದದ್ದು, ಸಾಮಗ್ರಿಯ ಕೊರತೆ, ನಿಗಾ ಸಡಿಲವಾದದ್ದು ಹೀಗೆ ಕಾರಣಗಳು ಹಲವು. ಇವುಗಳಲ್ಲಿ ಕೊನೆಯದನ್ನು ನಾವು ವಿಶೇಷವಾಗಿ ಗಮನಿಸಬೇಕು. ಸಿಂಪಡಿಸುವವರು ಬಂದು ಹೋಗುತ್ತಿದ್ದರು. ಊರು ತನ್ನ ಕಣ್ಣನ್ನು ತಾನು ತೆರೆದಿರಬೇಕೆಂಬ ಅಭ್ಯಾಸ ಬೆಳೆಯಲಿಲ್ಲ.

ಹಾಗೆಂದು ಅಂದಿನ ಹಿರಿಯರಿಗೆ ಈ ವಿಷಯ ತಿಳಿದಿರಲಿಲ್ಲವೆಂದು ಅರ್ಥವಲ್ಲ. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಶಿಫಾರಸು ಮಾಡಿದಾಗಲೇ, ಹಳ್ಳಿಗಳಲ್ಲಿ ಜನರದೇ ಆದ ಆರೋಗ್ಯ ಸಮಿತಿಗಳು ಇರಬೇಕೆಂದೂ ಹೇಳಿತ್ತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಕೇಂದ್ರಗಳು ಬಂದವು. ಸಮಿತಿಗಳು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದವು. 1956ರ ನವೆಂಬರ್ 1ರಂದು ಈ ಜಿಲ್ಲೆ ಮುಂಬಯಿಯಿಂದ ಬೇರ್ಪಟ್ಟು ಕನ್ನಡನಾಡಿಗೆ ಸೇರಿದ ಮೇಲೂ ಪರಿಸ್ಥಿತಿ ಬಹುವಾಗಿ ಬದಲಾಗಲಿಲ್ಲ.

ಬದಲಾವಣೆಯ ಒಂದು ಬೆಳಕು ಅಪ್ಸರಕೊಂಡದ ಮಗ್ಗುಲಲ್ಲಿಯೇ ಮೂಡಿತು. 1970ರ ದಶಕದಲ್ಲಿ ಡಾ. ಕುಸುಮಾ ಸೊರಬ ಅವರು ಕಾಸರಕೋಡಿನಲ್ಲಿ ಸ್ನೇಹಕುಂಜವೆಂಬ ಸಂಸ್ಥೆಯನ್ನು ಕಟ್ಟಿ, ವಿವೇಕಾನಂದ ಆರೋಗ್ಯಧಾಮದ ಮೂಲಕ ಗ್ರಾಮೀಣ ಜನರ ಸೇವೆಗೆ ನಿಂತರು. ವೈದ್ಯೆಯಾಗಿದ್ದ ಅವರು ರೋಗಿಯ ದೇಹಕ್ಕೆ ಮಾತ್ರ ಚಿಕಿತ್ಸೆ ಮಾಡಿ ಸುಮ್ಮನಾಗಲಿಲ್ಲ. ಪಶ್ಚಿಮಘಟ್ಟದ ಕಾಡು, ನದಿಗಳ ಉಳಿವಿಗಾಗಿ ನಡೆದ ಚಳವಳಿಗಳಲ್ಲಿಯೂ ಮುಂದಾಳಾಗಿದ್ದರು. ನೀರು, ಮಣ್ಣು, ಮರ ಕೆಟ್ಟರೆ ಮನುಷ್ಯನ ಆರೋಗ್ಯ ಉಳಿಯದು ಎಂಬುದನ್ನು ಅವರು ಬದುಕಿ ತೋರಿಸಿದರು. 1998ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡದ್ದು ಈ ಸೀಮೆಗೆ ತುಂಬಲಾರದ ನಷ್ಟ. ಆರೋಗ್ಯ ಕೇಂದ್ರವೆಂದರೆ ಕಟ್ಟಡವಲ್ಲ, ಸುತ್ತಲಿನ ಬದುಕಿನ ಮೇಲೆ ನೆಟ್ಟ ದೃಷ್ಟಿ ಎಂಬುದು ಅವರ ಕಾರ್ಯದಿಂದ ನಾವು ಕಲಿಯಬೇಕಾದ ಪಾಠ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಲೋಕದ ಚಿಂತನೆಯೂ ಈ ದಿಕ್ಕಿಗೆ ಹೊರಳಿತು. 1978ರ ಸೆಪ್ಟೆಂಬರಿನಲ್ಲಿ ಆಲ್ಮಾ ಆಟಾ ನಗರದಲ್ಲಿ ಸೇರಿದ ರಾಷ್ಟ್ರಗಳು, ತಮ್ಮ ಆರೋಗ್ಯದ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಸಾರಿದವು. ಮರುವರ್ಷ, 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಅದರ ಅಂಗವಾಗಿ ಲಂಡನ್ನಿನ ಮಕ್ಕಳ ವೈದ್ಯ ಡೇವಿಡ್ ಮೋರ್ಲಿ ಮತ್ತು ಅವರ ಸಂಗಡಿಗರು, ಮಗುವಿನಿಂದ ಮಗುವಿಗೆ ಆರೋಗ್ಯದ ಅರಿವನ್ನು ಮುಟ್ಟಿಸುವ ಯೋಜನೆಯೊಂದನ್ನು ರೂಪಿಸಿದರು. ಬಡದೇಶಗಳ ಮನೆಗಳಲ್ಲಿ ತಮ್ಮ ತಂಗಿಯರನ್ನು ಎತ್ತಿಕೊಳ್ಳುವವರು ಬಹುವಾಗಿ ದೊಡ್ಡ ಮಕ್ಕಳೇ. ಆದ್ದರಿಂದ ಭೇದಿಯಾದ ಕೂಸಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವುದನ್ನು ಆ ಮಕ್ಕಳಿಗೇ ಕಲಿಸಬೇಕು ಎಂಬುದು ಅವರ ಸರಳ ತರ್ಕ. ಮುಂಬಯಿಯ ಮಾಲವಣಿ ಬಡಾವಣೆಯಲ್ಲಿ ಅದೇ ಸುಮಾರಿಗೆ ಡಾ. ವಿಜಯಾ ಭಾಲೇರಾವ್ ಅವರು ಶಾಲಾಮಕ್ಕಳನ್ನೇ ನೆರೆಹೊರೆಯ ಆರೋಗ್ಯ ಮುಂದಾಳುಗಳಾಗಿ ತರಬೇತುಗೊಳಿಸಿದರು. ಘಟ್ಟದ ಮಂಟಪದಲ್ಲಿ 1623ರಲ್ಲಿ ಕುಳಿತಿದ್ದ ಬಾಲಕರ ಕ್ರಮವೇ ಇಲ್ಲಿ ಹೊಸ ವೇಷದಲ್ಲಿ ಕಾಣಿಸಿತು.

ಇನ್ನೂ ಸಮೀಪದ ಉದಾಹರಣೆ ಭಟ್ಕಳದ ದಕ್ಷಿಣದಲ್ಲಿರುವ ಕುಂದಾಪುರ ಸೀಮೆಯದು. ದುಡಿಯುವ ಮಕ್ಕಳ ಹಿತಕ್ಕಾಗಿ ಶ್ರಮಿಸುವ ಒಂದು ಸಂಸ್ಥೆಯ ಆಸರೆಯಲ್ಲಿ 1995ರಲ್ಲಿ ಅಲ್ಲಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯತಿಗಳು ಆರಂಭವಾದವು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿ, ಕಾಲುಸಂಕ, ಕುಡಿಯುವ ನೀರು, ಶಾಲೆಯ ದಾರಿ ಮೊದಲಾದ ವಿಷಯಗಳಲ್ಲಿ ಮಾಹಿತಿಯನ್ನು ಕಲೆಹಾಕಿ ಹಿರಿಯರ ಮುಂದಿಟ್ಟರು. ಕೆರಾಡಿಯಲ್ಲಿ ಮಕ್ಕಳು ತಮ್ಮ ಗ್ರಾಮದ ಯೋಜನೆಗೇ ಅಂಕಿ ಅಂಶಗಳನ್ನು ಸಿದ್ಧಪಡಿಸಿದರು. ಈ ಅನುಭವದ ಬಲದಿಂದ 2006ರಲ್ಲಿ ರಾಜ್ಯ ಸರಕಾರವು ಎಲ್ಲ ಗ್ರಾಮ ಪಂಚಾಯತಿಗಳಲ್ಲಿಯೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಸೂಚಿಸಿತು. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಮಾತನ್ನು ಆಲಿಸಬೇಕೆಂಬ 1989ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1992ರಲ್ಲಿಯೇ ಒಪ್ಪಿಗೆ ನೀಡಿತ್ತು.

ಹಾಗಾದರೆ ಅಪ್ಸರಕೊಂಡದಂತಹ ಊರಿನಲ್ಲಿ ಒಂದು ಆರೋಗ್ಯ ಕೇಂದ್ರವನ್ನು ರೂಪಿಸುವಾಗ ಮಕ್ಕಳಿಂದ ಏನು ಸಾಧ್ಯ? ಸರಕಾರದ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ. ಪ್ರಾಥಮಿಕ ಕೇಂದ್ರಕ್ಕೆ 30,000 ಮತ್ತು 20,000. ಈ ಅಂಕಿಗಳಿಗೆ ಜನರ ತಲೆಯೆಣಿಕೆ ಗೊತ್ತೇ ಹೊರತು ಮಳೆಗಾಲದ ದಾರಿ ಗೊತ್ತಿಲ್ಲ. ಆಷಾಢದಲ್ಲಿ ಯಾವ ಹಳ್ಳ ತುಂಬುತ್ತದೆ, ಯಾವ ಕಾಲುಸಂಕವನ್ನು ಮುದುಕಿಯೊಬ್ಬಳು ದಾಟಲಾರಳು, ಯಾವ ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ, ಯಾವ ಗದ್ದೆಯ ಬದುವಿನಲ್ಲಿ ಹಾವಿನ ಭಯ, ಕಡಲತೀರದ ಯಾವ ಮನೆಗಳಲ್ಲಿ ಗಂಡಸರು ದೋಣಿಗೆ ಹೋದಾಗ ರೋಗಿಯನ್ನು ಹೊರುವವರಿಲ್ಲ ಎಂಬುದನ್ನು ದಿನವೂ ನಡೆದು ಶಾಲೆಗೆ ಬರುವ ಮಗು ಬಲ್ಲದು. ಆ ಅರಿವನ್ನು ಒಂದು ನಕಾಶೆಯ ಮೇಲೆ ಇಳಿಸಿದರೆ ಕೇಂದ್ರವು ಎಲ್ಲಿರಬೇಕು, ಅಲ್ಲಿ ಮೊದಲು ಏನಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ನಕಾಶೆ ಭೂಗೋಳದ ಪಾಠ, ಎಣಿಕೆ ಗಣಿತದ ಪಾಠ, ಹಿರಿಯರನ್ನು ಕೇಳಿ ಬರೆದುಕೊಳ್ಳುವುದು ಕನ್ನಡದ ಪಾಠ. ಪಾಠಕ್ಕೆ ಇದರಿಂದ ಕುಂದಿಲ್ಲ.

ಮತ್ತೊಂದು ನಿದರ್ಶನ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವು 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರ ಸೀಮೆಯನ್ನು ಕಾಡಿತು. ಉಣುಗಿನಿಂದ ಹರಡುವ ಇದರ ಮೊದಲ ಎಚ್ಚರಿಕೆ ಕಾಡಿನಲ್ಲಿ ಮಂಗಗಳು ಸಾಯುವುದು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಕೂಡಲೇ ಹಿರಿಯರಿಗೆ ತಿಳಿಸಬೇಕೆಂಬುದನ್ನು ಶಾಲೆಯಲ್ಲಿ ಕಲಿಸಿದ್ದರೆ ಊರಿಗೆ ನೂರು ಕಣ್ಣುಗಳಿದ್ದಂತೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಹಿರಿಯರ ಹೊಣೆಯನ್ನು ಎಳೆಯರ ಮೇಲೆ ಹೊರಿಸುವುದು ನ್ಯಾಯವೆ? ಶ್ರಮದಾನದ ಹೆಸರಿನಲ್ಲಿ ಮಕ್ಕಳಿಂದ ಕಲ್ಲು ಮಣ್ಣು ಹೊರಿಸಿ, ಉದ್ಘಾಟನೆಯ ದಿನ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಅದನ್ನೇ ಪಾಲ್ಗೊಳ್ಳುವಿಕೆಯೆಂದು ವರದಿ ಬರೆಯುವ ರೂಢಿ ನಮ್ಮಲ್ಲಿ ಇಲ್ಲದಿಲ್ಲ. ಈ ಆಕ್ಷೇಪಕ್ಕೆ ನಮ್ಮ ಶಾಸ್ತ್ರದಲ್ಲಿಯೇ ನಿಖರವಾದ ಅಳತೆಗೋಲಿದೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎಣಿಸಿದೆ. ಶಕ್ತಿಗೆ ಮೀರಿದ ಹೊರೆಯನ್ನು ಹೇರುವುದು ಹಿಂಸೆಯ ಒಂದು ಬಗೆ. ಎತ್ತಿಗೆ ಸಲ್ಲುವ ಈ ಮಾತು ಮಗುವಿಗೆ ಸಲ್ಲದೆ? ಆದ್ದರಿಂದ ಮಗುವಿನ ಹೆಗಲನ್ನು ಕೇಳಬಾರದು. ಅದರ ಕಣ್ಣನ್ನೂ ಮಾತನ್ನೂ ಕೇಳಬೇಕು.

ಸತ್ಯಾಣುವ್ರತದ ಅತಿಚಾರಗಳು ಉಳಿದ ಎಲ್ಲೆಗಳನ್ನು ತೋರಿಸುತ್ತವೆ. ರಹೋಭ್ಯಾಖ್ಯಾನವೆಂದರೆ ಪರರ ಗುಟ್ಟನ್ನು ಹೊರಗೆಡಹುವುದು. ಕ್ಷಯ, ಕುಷ್ಠ, ಮನೋರೋಗಗಳಿಗೆ ಇಂದಿಗೂ ಕಳಂಕ ಅಂಟಿಕೊಂಡಿರುವಾಗ, ಯಾರ ಮನೆಯಲ್ಲಿ ಯಾವ ರೋಗವೆಂದು ಮಕ್ಕಳಿಂದ ಬರೆಸುವುದು ಸಲ್ಲದು. ದಾರಿ, ನೀರು, ದೂರಗಳನ್ನು ಅವರು ಎಣಿಸಲಿ, ರೋಗಿಗಳನ್ನು ಎಣಿಸುವುದು ವೈದ್ಯರ ಮತ್ತು ಆಶಾ ಕಾರ್ಯಕರ್ತೆಯರ ಕೆಲಸ. ಕೂಟಲೇಖಕ್ರಿಯೆಯೆಂದರೆ ಸುಳ್ಳು ಬರವಣಿಗೆ. ಮಕ್ಕಳು ತಂದ ಅಂಕಿ ನಮ್ಮ ಮೊದಲ ತೀರ್ಮಾನಕ್ಕೆ ಒಪ್ಪದಿದ್ದಾಗ ಅಂಕಿಯನ್ನು ತಿದ್ದುವುದು ಈ ದೋಷಕ್ಕೆ ಸೇರುತ್ತದೆ. ನ್ಯಾಸಾಪಹಾರವೆಂದರೆ ಇಟ್ಟ ಠೇವಣಿಯನ್ನು ನುಂಗುವುದು. ವ್ಯಾಪಾರಿಗಳಾದ ನಮಗೆ ಇದರ ಗಂಭೀರತೆಯನ್ನು ಬೇರೆ ಹೇಳಬೇಕಿಲ್ಲ. ಮಕ್ಕಳನ್ನು ಕರೆದು ಕೇಳಿ, ಅವರ ಸಲಹೆಯನ್ನು ಪಡೆದು, ಅದು ಏನಾಯಿತೆಂದು ಮರಳಿ ತಿಳಿಸದಿದ್ದರೆ ಅವರು ನಮ್ಮಲ್ಲಿಟ್ಟ ನಂಬಿಕೆಯ ಠೇವಣಿಯನ್ನು ನಾವು ಅಪಹರಿಸಿದಂತೆಯೇ. ಒಪ್ಪಲಾಗದ ಸಲಹೆಯಿದ್ದರೆ ಕಾರಣವನ್ನು ಹೇಳಬೇಕು, ಹೇಳುವುದೇ ಮರುಪಾವತಿ.

ಇದರ ಜೊತೆಗೆ ಮತ್ತೊಂದು ವಿಷಯ ಸ್ಪಷ್ಟವಾಗಿರಬೇಕು. ಮಕ್ಕಳ ಪಾಲ್ಗೊಳ್ಳುವಿಕೆಯು ಆಸ್ಪತ್ರೆಗೆ ಬದಲಿಯಲ್ಲ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಸುಸಜ್ಜಿತ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡ ಜಿಲ್ಲೆಯ ಹಳೆಯ ಕೂಗು ಆಗ ಮುಗಿಲು ಮುಟ್ಟಿತು. ಜಿಲ್ಲೆಯ ಗಡಿಯನ್ನು ದಾಟಿ ಚಿಕಿತ್ಸೆಗೆ ಓಡಬೇಕಾದ ಸ್ಥಿತಿಯನ್ನು ನೀಗಿಸುವುದು ಸರಕಾರದ ಹೊಣೆ. ಅದನ್ನು ಯಾವ ಮಕ್ಕಳ ನಕಾಶೆಯೂ ತೀರಿಸಲಾರದು. ಆದರೆ ಎಷ್ಟೋ ರೋಗಗಳು ಆ ದೂರದ ಪಯಣದವರೆಗೆ ಬೆಳೆಯದಂತೆ ಊರಿನಲ್ಲಿಯೇ ತಡೆಯುವುದು ಹತ್ತಿರದ ಕೇಂದ್ರದಿಂದ ಸಾಧ್ಯ. ಆ ಕೇಂದ್ರವು ಬಾಗಿಲು ಮುಚ್ಚದೆ ಉಳಿಯುವುದು ಊರು ಅದನ್ನು ತನ್ನದೆಂದು ಎಣಿಸಿದಾಗ ಮಾತ್ರ.

ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ. ದಾದಿಯ ಸಂಬಳ, ಮದ್ದು, ವಿದ್ಯುತ್ತಿನ ಬಿಲ್ಲು ಇವುಗಳಿಗೆ ದೊರೆಯುವುದು ಕಷ್ಟ. ಶಿಲಾಫಲಕದ ಮೇಲೆ ಹೆಸರು ಕೆತ್ತಿಸಬಹುದು, ನಿತ್ಯದ ಖರ್ಚಿನ ಮೇಲೆ ಕೆತ್ತಿಸಲಾಗದು. ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಬೇರೆಯಾಗುತ್ತದೆಂದು ಸೂತ್ರಕಾರರು ಹೇಳಿರುವುದನ್ನು ನಾವು ಬಹುಮಟ್ಟಿಗೆ ದ್ರವ್ಯಕ್ಕೆ ಸೀಮಿತಗೊಳಿಸಿದ್ದೇವೆ. ವಿಧಿಯತ್ತ, ಅಂದರೆ ಕೊಡುವ ಬಗೆಯತ್ತ, ಇನ್ನಾದರೂ ಗಮನ ಹರಿಯಬೇಕು.

ಆದ್ದರಿಂದ ಔಷಧದಾನದ ಸಂಕಲ್ಪ ಮಾಡಿರುವ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಶಂಕುಸ್ಥಾಪನೆಗೆ ಮುಹೂರ್ತವನ್ನು ಇಡಿಸುವ ಮೊದಲು ಆ ಊರಿನ ಶಾಲೆಗೆ ಹೋಗಿ. ಗುರುಗಳ ಮತ್ತು ಪೋಷಕರ ಒಪ್ಪಿಗೆ ಪಡೆದು ಮಕ್ಕಳ ಜೊತೆ ಕುಳಿತು ಕೇಳಿ. ಒಂದು ಮಳೆಗಾಲ ಕಳೆಯುವವರೆಗೆ ಅವರ ನಕಾಶೆಗಾಗಿ ಕಾಯಿರಿ. ಕಟ್ಟಡಕ್ಕೆ ಮೀಸಲಿಟ್ಟ ಹಣದಲ್ಲಿ ಒಂದು ಭಾಗವನ್ನು ನಿತ್ಯದ ಖರ್ಚಿನ ನಿಧಿಯಾಗಿ ತೆಗೆದಿಡಿ. ವರ್ಷಕ್ಕೊಮ್ಮೆ ಕೇಂದ್ರದ ಲೆಕ್ಕಪತ್ರವನ್ನು ಗ್ರಾಮಸಭೆಯಲ್ಲಿ ಓದುವಂತೆ ಮಕ್ಕಳ ಗ್ರಾಮಸಭೆಯಲ್ಲಿಯೂ ಓದಿಸಿ. ಔಷಧದಾನಕ್ಕೆ ವೃಷಭಸೇನೆಯನ್ನೂ ಶಾಸ್ತ್ರದಾನಕ್ಕೆ ಗೋವಳನನ್ನೂ ಹೆಸರಿಸಿದ ಪರಂಪರೆಯವರು ನಾವು; ಊರಿನ ಮಕ್ಕಳನ್ನು ದಾತೃಗಳ ಸಾಲಿನಲ್ಲಿ ಕೂರಿಸಲು ನಮಗೆ ಹಿಂಜರಿಕೆ ಬೇಕಿಲ್ಲ.